ಗಿಡಮೂಲಿಕೆಯ ಅಂಶಗಳನ್ನು ಸ್ತನ ಕ್ಯಾನ್ಸರ್ ಔಷಧಿಯಾಗಿ ಪರೀಕ್ಷಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಯಾರಿಗೋ ಕಾಯಿಲೆ ಬಂದಿದೆ ಎಂದು ಕೇಳುವವರು, ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿರುವವರು, ಫಾರ್ಮಸಿ ಕಾಲೇಜಿನ ಸಂಶೋಧಕರು ಹೀಗೆ ಬೇರೆ ಬೇರೆಯವರ ಪ್ರಶ್ನೆಗಳು ಇಲ್ಲಿವೆ. ಎಲ್ಲರಿಗೂ ಬೇಕಾದವನ್ನು ಮೊದಲಿಗೆ ಇಟ್ಟಿದ್ದೇವೆ. ಲ್ಯಾಬಿನ ವಿವರ ಆಮೇಲೆ ಬರುತ್ತದೆ.

## ಎಲ್ಲರೂ ಕೇಳುವವು

ಗಿಡದಿಂದ ನಿಜವಾಗಲೂ ಸ್ತನ ಕ್ಯಾನ್ಸರ್‌ಗೆ ಔಷಧಿ ಬಂದಿದೆಯಾ?

ಬಂದಿದೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ದಿನವೂ ಡ್ರಿಪ್ ಮೂಲಕ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೂಲತಃ ಒಂದು ಮರದ ತೊಗಟೆಯದು. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಮರದ ತೊಗಟೆಯನ್ನು ತಂದು ಪರೀಕ್ಷೆಗೆ ಹಾಕಿದರು. ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಅದರ ರಾಸಾಯನಿಕ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಕೋಶದೊಳಗೆ ಅದು ಏನು ಮಾಡುತ್ತದೆ ಎಂಬುದನ್ನು 1979ರಲ್ಲಿ ಸೂಸನ್ ಹಾರ್ವಿಟ್ಸ್ ತೋರಿಸಿದರು: ಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಗಳನ್ನು ಅದು ಬಿಗಿಯಾಗಿ ಹಿಡಿದಿಡುತ್ತದೆ, ಅವು ಬಿಚ್ಚಿಕೊಳ್ಳಲಾರದೆ ಕೋಶ ಸಾಯುತ್ತದೆ. ಅಂಡಾಶಯದ ಕ್ಯಾನ್ಸರ್‌ಗೆ 1992ರಲ್ಲಿ, ಸ್ತನ ಕ್ಯಾನ್ಸರ್‌ಗೆ 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತೊಗಟೆಯಿಂದ ಸ್ತನ ಕ್ಯಾನ್ಸರ್ ರೋಗಿಯ ಕೈಯವರೆಗೆ 32 ವರ್ಷ.

ಡೋಸಿಟ್ಯಾಕ್ಸೆಲ್ ಕೂಡ ಅದೇ ಕುಟುಂಬದ್ದು. ಯೂರೋಪಿನ ಯೂ ಮರದ ಎಲೆಯಲ್ಲಿರುವ ಒಂದು ಅಂಶವನ್ನು ಮಾರ್ಪಡಿಸಿ ಮಾಡಿದ್ದು. ನಮ್ಮ ಅಂಗಳದ ನಿತ್ಯಪುಷ್ಪದಲ್ಲಿರುವ ಆಲ್ಕಲಾಯ್ಡ್‌ಗಳಿಂದ ಬಂದ ವಿನೊರೆಲ್ಬಿನ್ ಅನ್ನು ಹರಡಿದ ಸ್ತನ ಕ್ಯಾನ್ಸರ್‌ಗೆ ಬಳಸುತ್ತಾರೆ.

ಹಾಗಾದರೆ ನಿತ್ಯಪುಷ್ಪದ ಎಲೆಯನ್ನೇ ಕಷಾಯ ಮಾಡಿ ಕುಡಿದರೆ ಆಗಲ್ವಾ?

ಆಗುವುದಿಲ್ಲ, ಅಪಾಯವೂ ಇದೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ (ಈ ಎಲೆಯಲ್ಲಿರುವ ಕ್ಯಾನ್ಸರ್ ಔಷಧಿ) ತೆಗೆಯಲು ಸುಮಾರು 500 ಕೆಜಿ ಒಣ ಎಲೆ ಬೇಕು. ಒಂದು ಲೋಟ ಕಷಾಯದಲ್ಲಿ ಬರುವ ಔಷಧಿಯ ಪ್ರಮಾಣ ಲೆಕ್ಕಕ್ಕೇ ಬಾರದಷ್ಟು. ಆದರೆ ಅದೇ ಎಲೆಯಲ್ಲಿ ಇತರ ಆಲ್ಕಲಾಯ್ಡ್‌ಗಳು ಹತ್ತಾರಿವೆ. ಅವು ರಕ್ತದೊತ್ತಡ, ಸಕ್ಕರೆ ಇಳಿಸಬಲ್ಲವು. ಬೇಕಾದದ್ದು ಸಿಗುವುದಿಲ್ಲ, ಬೇಡದ್ದು ಹೊಟ್ಟೆ ಸೇರುತ್ತದೆ. ಯೂ ಮರದ ವಿಷಯದಲ್ಲಂತೂ ಎಲೆ, ಬೀಜ ಎರಡೂ ಹೃದಯಕ್ಕೆ ನೇರ ವಿಷ.

"ಈ ಗಿಡ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ" ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಮತ್ಯಾಕೆ ಔಷಧಿ ಆಗಿಲ್ಲ?

ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಿದ ಕೋಶಗಳನ್ನು ಕೊಲ್ಲುವುದು ಬಹಳ ಸುಲಭ. ಉಪ್ಪು ಕೊಲ್ಲುತ್ತದೆ, ಸ್ಪಿರಿಟ್ ಕೊಲ್ಲುತ್ತದೆ, ಸೀಗೇಕಾಯಿಯ ನೊರೆ ಕೊಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಪ್ರಮಾಣಕ್ಕೆ ಕೊಂದಿತು, ಅಷ್ಟು ಪ್ರಮಾಣ ಮನುಷ್ಯನ ರಕ್ತದಲ್ಲಿ ನಿಲ್ಲಬಲ್ಲದೇ, ನಿಂತರೆ ಒಳ್ಳೆಯ ಕೋಶಗಳು ಉಳಿಯುತ್ತವೆಯೇ?

ಒಂದು ಸಾರ ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಇದ್ದಾಗ ಅರ್ಧದಷ್ಟು ಕೋಶಗಳನ್ನು ಕೊಂದಿತು ಎನ್ನೋಣ. ದೊಡ್ಡವರ ಮೈಯಲ್ಲಿ ಪ್ಲಾಸ್ಮಾ ಸುಮಾರು 3 ಲೀಟರ್. ಅಷ್ಟರಲ್ಲಿ ಆ ಮಟ್ಟ ತರಬೇಕಾದರೆ 600 ಮಿಲಿಗ್ರಾಂ ಸಾರ ಒಂದೇ ಸಮಯದಲ್ಲಿ ರಕ್ತದಲ್ಲೇ ತೇಲುತ್ತಿರಬೇಕು. ಲಿವರ್ ಅದನ್ನು ಒಡೆದುಹಾಕಬಾರದು, ಮೂತ್ರದಲ್ಲಿ ಹೋಗಬಾರದು, ಅಂಗಾಂಶಗಳಿಗೆ ಸೇರಬಾರದು. ಅದು ಸಾಧ್ಯವಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಪ್ಲೇಟಿನಲ್ಲಿ ಕೆಲವೇ ನ್ಯಾನೋಮೋಲಾರ್ ಮಟ್ಟದಲ್ಲಿ ಕೆಲಸ ಮಾಡುತ್ತದೆ, ರೋಗಿಯ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಮಟ್ಟ ಮುಟ್ಟುತ್ತದೆ. ಅರಿಸಿನದ ಕರ್ಕ್ಯುಮಿನ್ ಪ್ಲೇಟಿನಲ್ಲಿ ಕೇಳುವುದು 10ರಿಂದ 30 ಮೈಕ್ರೋಮೋಲಾರ್ (ಒಂದು ಮೈಕ್ರೋಮೋಲಾರ್ ಎಂದರೆ ಸಾವಿರ ನ್ಯಾನೋಮೋಲಾರ್). ದಿನಕ್ಕೆ 8 ಗ್ರಾಂ ನುಂಗಿದರೂ ರಕ್ತದಲ್ಲಿ ಸಿಗುವುದು ಅದರ ಸಣ್ಣದೊಂದು ಭಾಗ ಮಾತ್ರ. ಈ ಅಂತರವೇ ಹೆಚ್ಚಿನ ಗಿಡಗಳನ್ನು ದಾರಿಯಲ್ಲೇ ನಿಲ್ಲಿಸುತ್ತದೆ.

ಲಕ್ಷ್ಮಣಫಲ, ಏಪ್ರಿಕಾಟ್ ಬೀಜ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡುತ್ತವಂತೆ, ಹೌದಾ?

ಅಲ್ಲ. ಏಪ್ರಿಕಾಟ್ ಬೀಜದ ಅಮಿಗ್ಡಲಿನ್ ಅನ್ನು ಅಮೆರಿಕದಲ್ಲಿ 178 ರೋಗಿಗಳಿಗೆ ಕೊಟ್ಟು ನೋಡಿ 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಣವಾಗಲಿಲ್ಲ, ಗೆಡ್ಡೆ ನಿಲ್ಲಲಿಲ್ಲ, ಕೆಲವರ ರಕ್ತದಲ್ಲಿ ಸಯನೈಡ್ ವಿಷದ ಮಟ್ಟಕ್ಕೆ ಏರಿತು. ಲಕ್ಷ್ಮಣಫಲದ ಅಸಿಟೊಜೆನಿನ್‌ಗಳು ಪ್ಲೇಟಿನಲ್ಲಿ ಕೋಶಗಳನ್ನು ಜೋರಾಗಿಯೇ ಕೊಲ್ಲುತ್ತವೆ. ಕೋಶದ ಉಸಿರಾಟದ ಸರಪಳಿಯನ್ನೇ ಅವು ತಡೆಯುತ್ತವೆ. ಆದರೆ ಆ ಸರಪಳಿ ಮೆದುಳಿನ ಕೋಶಗಳಲ್ಲೂ ಇದೆ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಎಲೆಯ ಚಹಾವನ್ನೂ ತುಂಬ ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚಾಗಿ ಕಂಡದ್ದನ್ನು ವೈದ್ಯರು ದಾಖಲಿಸಿದ್ದಾರೆ. ಅಪರೂಪಕ್ಕೆ ಹಣ್ಣು ತಿಂದರೆ ಹೆದರಬೇಕಿಲ್ಲ. ಎಲೆಯ ಕಷಾಯ ತಿಂಗಳುಗಟ್ಟಲೆ ಬೇಡ.

ಅಮ್ಮನಿಗೆ ಚಿಕಿತ್ಸೆ ನಡೀತಿದೆ. ಜೊತೆಗೆ ಅರಿಸಿನದ ಮಾತ್ರೆ, ಅಮೃತಬಳ್ಳಿ ಕೊಡಬಹುದಾ?

ಸಾರಿಗೆ ಹಾಕುವ ಅರಿಸಿನ ಸರಿ. ಮಾತ್ರೆ ಬೇರೆ ವಿಷಯ. ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಔಷಧಿ ತಾನಾಗಿಯೇ ಹೆಚ್ಚು ಕೆಲಸ ಮಾಡುವುದಿಲ್ಲ. ಲಿವರ್ ಅದನ್ನು ಎಂಡಾಕ್ಸಿಫೆನ್ ಎಂಬ ಕೆಲಸ ಮಾಡುವ ರೂಪಕ್ಕೆ ಬದಲಾಯಿಸಬೇಕು. ಕರ್ಕ್ಯುಮಿನ್ ಮಾತ್ರೆ, ಅದರಲ್ಲೂ ಕಾಳುಮೆಣಸಿನ ಪಿಪೆರಿನ್ ಸೇರಿಸಿದ್ದು, ಎಂಡಾಕ್ಸಿಫೆನ್ ಮಟ್ಟವನ್ನು ಇಳಿಸುವುದು ರೋಗಿಗಳಲ್ಲೇ ಅಳೆದು ಕಂಡಿದೆ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಮುಂಬೈಯಿಂದ 2021ರಲ್ಲಿ ವರದಿಯಾಗಿವೆ; ಕೀಮೋ ವೇಳೆ ಲಿವರ್ ಮೊದಲೇ ದಣಿದಿರುತ್ತದೆ. ಏನೇ ಕೊಡುತ್ತಿದ್ದರೂ ಅದರ ಡಬ್ಬಿಯನ್ನೇ ಆಂಕಾಲಜಿಸ್ಟ್ (ಕ್ಯಾನ್ಸರ್ ವೈದ್ಯರು) ಮುಂದೆ ಇಡಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ.

## ಗಿಡದಿಂದ ಸಾರದವರೆಗೆ

ಪ್ರಾಜೆಕ್ಟ್‌ಗೆ ಗಿಡ ತಂದಿದ್ದೇನೆ. ಮೊದಲು ಏನು ಮಾಡಬೇಕು?

ಪುಡಿ ಮಾಡುವ ಮೊದಲು ಹರ್ಬೇರಿಯಂ ಮಾದರಿ ಮಾಡಿ. ಹೂವೋ ಕಾಯೋ ಇರುವ ಕೊಂಬೆಯನ್ನು ಒತ್ತಿ ಒಣಗಿಸಿ, ಜಾಗ, ದಿನಾಂಕ, ಯಾವ ಭಾಗ ತೆಗೆದುಕೊಂಡಿರಿ ಎಂಬುದನ್ನು ಬರೆದು, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ ಮಾದರಿ ಸಂಖ್ಯೆ ಪಡೆಯಿರಿ. ಅಂಗಡಿಯಲ್ಲಿ ಕೊಂಡ ಒಣ ಕಾಂಡವನ್ನು ನಂಬಬೇಡಿ. ಅಮೃತಬಳ್ಳಿಯ ಹೆಸರಿನಲ್ಲೇ ಅದರ ಕುಲದ ಬೇರೆ ಬಳ್ಳಿಗಳು ಸಿಗುತ್ತವೆ. ಹೆಸರು ತಪ್ಪಿದರೆ ಮುಂದಿನ ಎರಡು ವರ್ಷದ ಕೆಲಸ ಯಾವ ಗಿಡದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಭಾಗವೂ ಮುಖ್ಯ. ಅಶ್ವಗಂಧದಲ್ಲಿ ಸಂಪ್ರದಾಯ ಬಳಸುವುದು ಬೇರು, ಆದರೆ ಕ್ಯಾನ್ಸರ್ ಸಂಶೋಧಕರು ಹುಡುಕುವ ವಿಥಾಫೆರಿನ್-ಎ ಎಂಬ ಅಂಶ ಹೆಚ್ಚಾಗಿ ಇರುವುದು ಎಲೆಯಲ್ಲಿ. ಕಾಡಿನ ಗಿಡವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ವಿದೇಶಿ ಸಹಭಾಗಿಗಳಿದ್ದರೆ 2002ರ ಜೀವವೈವಿಧ್ಯ ಕಾಯಿದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಸಾರ ತೆಗೆಯುವ ಕ್ರಮ ಹೇಳಿ. ಯಾವ ದ್ರಾವಕ ಒಳ್ಳೇದು?

ನೆರಳಲ್ಲಿ ಒಣಗಿಸಿ, ಒರಟಾಗಿ ಪುಡಿ ಮಾಡಿ. ನುಣ್ಣಗೆ ಮಾಡಿದರೆ ಸೋಸುವಾಗ ಕಟ್ಟಿಕೊಳ್ಳುತ್ತದೆ. 100 ಗ್ರಾಂ ಪುಡಿಗೆ 1 ಲೀಟರ್ ಮೆಥನಾಲ್ ಹಾಕಿ, ಮುಚ್ಚಿ, ಕತ್ತಲಲ್ಲಿ 72 ಗಂಟೆ ನೆನೆಸಿ, ದಿನಕ್ಕೆ ಎರಡು ಮೂರು ಸಲ ಅಲುಗಿಸಿ. ಸೋಸಿ, ರೋಟರಿ ಇವಾಪೊರೇಟರಿನಲ್ಲಿ 40 ಡಿಗ್ರಿ ಮೀರದಂತೆ ಆರಿಸಿ, ತೂಕ ಮಾಡಿ ಇಳುವರಿ ಬರೆದಿಡಿ. ಸಾಕ್ಸ್‌ಲೆಟ್ ಬೇಗ ಮುಗಿಯುತ್ತದೆ, ಆದರೆ ಗಂಟೆಗಟ್ಟಲೆ ಬಿಸಿಗೆ ತಡೆಯದ ಅಂಶಗಳು ಹಾಳಾಗುತ್ತವೆ. ಯಾವ ಅಂಶ ಎಂದೇ ಗೊತ್ತಿಲ್ಲದ ಹಂತದಲ್ಲಿ ತಣ್ಣಗೆ ನೆನೆಸುವುದೇ ಲೇಸು.

ಒಂದೇ ದ್ರಾವಕಕ್ಕಿಂತ ಹೆಕ್ಸೇನ್, ಈಥೈಲ್ ಅಸಿಟೇಟ್, ಮೆಥನಾಲ್, ನೀರು ಹೀಗೆ ಒಂದರ ನಂತರ ಒಂದು ಬಳಸಿದರೆ ಅಂಶಗಳು ಆಗಲೇ ಸ್ವಲ್ಪ ಬೇರೆಯಾಗುತ್ತವೆ. ಮೆಥನಾಲ್ ಪೂರ್ತಿ ಹೋಗಿದೆ ಎಂದು ಖಚಿತವಾಗಲು ತೂಕ ಸ್ಥಿರವಾಗುವವರೆಗೆ ವ್ಯಾಕ್ಯೂಮಿನಲ್ಲಿ ಇಡಿ. ಉಳಿದರೆ ಕೋಶ ಕೊಲ್ಲುವುದು ಅದೇ, ಹೆಸರು ಬರುವುದು ಗಿಡಕ್ಕೆ.

ಸಾರದಲ್ಲಿರೋ ಯಾವ ಅಂಶ ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಬೇರ್ಪಡಿಸಿ, ಪರೀಕ್ಷಿಸಿ, ಕೊಲ್ಲುವ ಭಾಗವನ್ನು ಮಾತ್ರ ಮತ್ತೆ ಬೇರ್ಪಡಿಸುವುದು. ಕಾಲಮ್‌ನಿಂದ ಇಳಿದ ಪ್ರತಿ ಭಾಗವನ್ನೂ ಕೋಶಗಳ ಮೇಲೆ ನೋಡಿ, ಕೊನೆಗೆ ಉಳಿದ ಶುದ್ಧ ಅಂಶವನ್ನು ಎನ್‌ಎಂಆರ್ ಮತ್ತು ಮಾಸ್ ಸ್ಪೆಕ್ಟ್ರಾದಿಂದ ಗುರುತಿಸಬೇಕು. ಜಿಸಿ-ಎಂಎಸ್ ಪಟ್ಟಿಯಲ್ಲಿ ಕಂಡ ಮೂವತ್ತು ಹೆಸರುಗಳಲ್ಲಿ ಒಂದನ್ನು ಆರಿಸಿ "ಇದರಿಂದಲೇ" ಎನ್ನುವುದು ಊಹೆ. ಅದಲ್ಲದೆ ಜಿಸಿಯಲ್ಲಿ ಆವಿಯಾಗುವ ಅಂಶಗಳಷ್ಟೇ ಕಾಣುತ್ತವೆ.

ಮೊದಲೇ ಟ್ಯಾನಿನ್ ತೆಗೆದುಬಿಡಿ. ಅಳಲೆ, ನೆಲ್ಲಿ, ದಾಳಿಂಬೆ ಸಿಪ್ಪೆಯಂಥ ಒಗರಿನ ವಸ್ತುಗಳಲ್ಲಿ ಅದು ಸಿಕ್ಕ ಪ್ರೋಟೀನಿಗೆಲ್ಲ ಅಂಟಿ ಸುಳ್ಳು ಫಲಿತಾಂಶ ಕೊಡುತ್ತದೆ. ಪಾಲಿಅಮೈಡ್ ಕಾಲಮ್ ಅದನ್ನು ಹಿಡಿದುಕೊಳ್ಳುತ್ತದೆ. ನೊರೆ ಬರುವ ಸಾರವಾದರೆ ಕೆಂಪು ರಕ್ತಕಣಗಳ ಮೇಲೆ ಒಮ್ಮೆ ನೋಡಿ; ಅವೂ ಒಡೆದರೆ ಅದು ಸಪೋನಿನ್, ಕೋಶದ ಪೊರೆಯನ್ನು ಹರಿಯುತ್ತಿದೆ ಅಷ್ಟೇ.

## ಸೆಲ್ ಲೈನ್ ಕೆಲಸ

ಎಂಸಿಎಫ್-7 ಒಂದರ ಮೇಲೆ ಮಾಡಿದರೆ ಸಾಕಾ?

ಸಾಕಾಗದು. ಸ್ತನ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಲ್ಯಾಬಿನಲ್ಲಿ ಬೆಳೆಸುವ ಕೋಶವಂಶಗಳಲ್ಲಿ (ಸೆಲ್ ಲೈನ್) ಎಂಸಿಎಫ್-7 ಈಸ್ಟ್ರೋಜನ್ ಗ್ರಾಹಕ ಇರುವ ಬಗೆ, ಎಸ್‌ಕೆ-ಬಿಆರ್-3 ಹರ್-2 ಎಂಬ ಗ್ರಾಹಕ ಹೆಚ್ಚಿರುವ ಬಗೆ, ಎಂಡಿಎ-ಎಂಬಿ-231 ಮೂರೂ ಗ್ರಾಹಕ ಇಲ್ಲದ ಟ್ರಿಪಲ್ ನೆಗೆಟಿವ್. ಮೂರನ್ನೂ ನೋಡಿ, ಜೊತೆಗೆ ಕ್ಯಾನ್ಸರ್ ಅಲ್ಲದ ಎಂಸಿಎಫ್-10ಎ ಇರಲಿ. ಎಂಸಿಎಫ್-10ಎಗೆ ಸಾಮಾನ್ಯ ಮೀಡಿಯಂ (ಕೋಶ ಬೆಳೆಸುವ ದ್ರವ) ಹಿಡಿಸದು: ಶೇ. 5 ಕುದುರೆ ಸೀರಂ, ಇಜಿಎಫ್, ಹೈಡ್ರೋಕಾರ್ಟಿಸೋನ್, ಇನ್ಸುಲಿನ್, ಕಾಲರಾ ಟಾಕ್ಸಿನ್ ಬೇಕು.

ಕೋಶಗಳನ್ನು ಪಕ್ಕದ ಲ್ಯಾಬಿನಿಂದ ಸಾಲ ತರಬೇಡಿ. ಪುಣೆಯ ಎನ್‌ಸಿಸಿಎಸ್‌ನಂಥ ಸಂಗ್ರಹದಿಂದ ತಂದು, ಎಸ್‌ಟಿಆರ್ ಪರೀಕ್ಷೆ (ಕೋಶದ ಗುರುತು ಖಚಿತಪಡಿಸುವ ಡಿಎನ್‌ಎ ಪರೀಕ್ಷೆ) ಮಾಡಿಸಿ, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿದೆಯೇ ಎಂದು ನೋಡುತ್ತಿರಿ. ಎಂಡಿಎ-ಎಂಬಿ-435 ಅನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದು ಬಳಸಿದರು. ಅದು ಎಂ14 ಎಂಬ ಚರ್ಮದ ಮೆಲನೋಮಾ ಎಂದು ಆಮೇಲೆ ಗೊತ್ತಾಯಿತು.

ಎಂಟಿಟಿ ಮಾಡೋ ಕ್ರಮ ಅಳತೆ ಸಮೇತ ಹೇಳ್ತೀರಾ?

ಎಂಟಿಟಿ ಎಂಬ ಬಣ್ಣವನ್ನು ಜೀವಂತ ಕೋಶಗಳು ನೇರಳೆ ಮಾಡುತ್ತವೆ; ಆ ನೇರಳೆಯನ್ನು ಅಳೆದು ಎಷ್ಟು ಕೋಶ ಉಳಿದವು ಎಂದು ತಿಳಿಯುವುದು. 96 ಗುಣಿಯ (ಚಿಕ್ಕ ಕುಳಿ) ಪ್ಲೇಟಿನಲ್ಲಿ ಅಂಚಿನ 36 ಗುಣಿಗಳಿಗೆ ಬರೀ ಪಿಬಿಎಸ್ (ಉಪ್ಪಿನ ಬಫರ್) ತುಂಬಿ. ಅಂಚಿನಲ್ಲಿ ಮೀಡಿಯಂ ಆರಿಹೋಗಿ ಸಾಂದ್ರತೆ ಬದಲಾಗುತ್ತದೆ. ಒಳಗಿನ 60 ಗುಣಿಗಳಿಗೆ ತಲಾ 5,000 ಕೋಶ ಬೇಕು: ಮಿಲಿಲೀಟರಿಗೆ 50,000 ಕೋಶವಿರುವ ದ್ರವ 7 ಮಿಲಿ ತಯಾರಿಸಿ, ತಲಾ 100 ಮೈಕ್ರೋಲೀಟರ್ ಹಾಕಿ. ನಾಲ್ಕೈದು ಗುಣಿಗೊಮ್ಮೆ ಕೊಳವೆಯನ್ನು ತಿರುಗಿಸಿ ಕಲಸದಿದ್ದರೆ ಕೋಶಗಳು ತಳಕ್ಕಿಳಿದು ಕೊನೆಯ ಸಾಲುಗಳಲ್ಲಿ ಲೆಕ್ಕ ತಪ್ಪುತ್ತದೆ. ರಾತ್ರಿಯಿಡೀ ಅಂಟಿಕೊಳ್ಳಲು ಬಿಡಿ.

ಮರುದಿನ ಔಷಧಿ. ಕರ್ಕ್ಯುಮಿನ್‌ನ ಅಣುತೂಕ 368.4, 18.4 ಮಿಲಿಗ್ರಾಂ ಅನ್ನು 1 ಮಿಲಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದರೆ 50 ಮಿಲಿಮೋಲಾರ್, ಅದನ್ನು ಸಾವಿರಕ್ಕೆ ಒಂದರಂತೆ ಮೀಡಿಯಂಗೆ ಬೆರೆಸಿದರೆ 50 ಮೈಕ್ರೋಮೋಲಾರ್, ಡಿಎಂಎಸ್‌ಒ ಶೇ. 0.1. ಕಡಿಮೆ ಸಾಂದ್ರತೆಗಳನ್ನು ಡಿಎಂಎಸ್‌ಒದಲ್ಲೇ ತೆಳುಮಾಡಿ ಆಮೇಲೆ ಮೀಡಿಯಂಗೆ ಹಾಕಿ. ಆಗ ಎಲ್ಲ ಗುಣಿಗಳಲ್ಲೂ ಡಿಎಂಎಸ್‌ಒ ಒಂದೇ ಇರುತ್ತದೆ. ಔಷಧಿ ಬೆರೆಸಿದ ಮೀಡಿಯಂ ಅನ್ನು ಮೈಕ್ರೋಸ್ಕೋಪಿನಡಿ ನೋಡಿ. ಸೂಜಿಯಂಥ ಹರಳು ಕಂಡರೆ ಅಂಶ ಕರಗಿಲ್ಲ, ಆ ಸಾಂದ್ರತೆ ಬರೆಯುವ ಹಾಗಿಲ್ಲ. ಕನಿಷ್ಠ ಆರು ಸಾಂದ್ರತೆ, ಪ್ರತಿಯೊಂದಕ್ಕೂ ಮೂರು ಗುಣಿ. ಜೊತೆಗೆ ಡಿಎಂಎಸ್‌ಒ ಮಾತ್ರ, ಡಾಕ್ಸೊರೂಬಿಸಿನ್‌ನಂಥ ಗೊತ್ತಿರುವ ಔಷಧಿ, ಮತ್ತು ಕೋಶವಿಲ್ಲದೆ ಸಾರ ಮಾತ್ರ ಇರುವ ಗುಣಿಗಳು.

48 ಅಥವಾ 72 ಗಂಟೆ ಬಿಟ್ಟು, ಮಿಲಿಗೆ 5 ಮಿಲಿಗ್ರಾಂ ಇರುವ ಎಂಟಿಟಿಯನ್ನು 10 ಮೈಕ್ರೋಲೀಟರ್ ಹಾಕಿ, ಕತ್ತಲಲ್ಲಿ 3ರಿಂದ 4 ಗಂಟೆ ಇಡಿ. ನೇರಳೆ ಹರಳುಗಳು ಅಲುಗದಂತೆ ಮೀಡಿಯಂ ತೆಗೆಯಿರಿ. ಇಲ್ಲೇ ಹೆಚ್ಚು ನಷ್ಟವಾಗುವುದು. 100 ಮೈಕ್ರೋಲೀಟರ್ ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದಿ. ಇಡೀ ಪ್ರಯೋಗ ಬೇರೆ ಬೇರೆ ದಿನ, ಬೇರೆ ಪ್ಯಾಸೇಜಿನ (ಮರುಬೆಳೆಸಿದ ಸರದಿಯ) ಕೋಶಗಳಲ್ಲಿ ಮೂರು ಸಲ ಆಗಬೇಕು. ಒಂದೇ ಪ್ಲೇಟಿನ ಮೂರು ಗುಣಿ ಮೂರು ಪ್ರಯೋಗವಾಗುವುದಿಲ್ಲ.

ಸಾರ ಹಾಕಿದ ಮೇಲೆ ಜೀವಂತ ಕೋಶ 130% ಅಂತ ಬಂತು. ಎಲ್ಲಿ ತಪ್ಪಿತು?

ಬಹುಶಃ ಸಾರವೇ ಎಂಟಿಟಿಯನ್ನು ನೇರಳೆ ಮಾಡುತ್ತಿದೆ. ಪಾಲಿಫೀನಾಲ್‌ಗಳು ಕೋಶದ ನೆರವಿಲ್ಲದೆಯೂ ಅದನ್ನು ಅಪಕರ್ಷಿಸುತ್ತವೆ. ಕೋಶವಿಲ್ಲದ ಗುಣಿಯಲ್ಲಿ ಬಣ್ಣ ಬಂದರೆ ಇದೇ ಕಾರಣ. ಸಾರದ ಮೀಡಿಯಂ ತೆಗೆದು ಪಿಬಿಎಸ್‌ನಲ್ಲಿ ತೊಳೆದು ಆಮೇಲೆ ಎಂಟಿಟಿ ಹಾಕಿ, ಅಥವಾ ಎಂಟಿಟಿ ಬಿಟ್ಟು ಎಸ್‌ಆರ್‌ಬಿ ಎಂಬ ಬಣ್ಣದ ವಿಧಾನ ಬಳಸಿ: ತಣ್ಣನೆಯ ಟಿಸಿಎ ಆಮ್ಲದಲ್ಲಿ 4 ಡಿಗ್ರಿಯಲ್ಲಿ ಒಂದು ಗಂಟೆ ಕೋಶಗಳನ್ನು ಬಿಗಿಮಾಡಿ, ಶೇ. 0.4 ಎಸ್‌ಆರ್‌ಬಿ ಬಣ್ಣ ಹಾಕಿ, ಶೇ. 1 ಅಸಿಟಿಕ್ ಆಮ್ಲದಲ್ಲಿ ತೊಳೆದು, 10 ಮಿಲಿಮೋಲಾರ್ ಟ್ರಿಸ್‌ನಲ್ಲಿ ಕರಗಿಸಿ ಓದುವುದು. ಅದು ಪ್ರೋಟೀನನ್ನು ಅಳೆಯುತ್ತದೆ, ಈ ಗೊಂದಲವಿಲ್ಲ.

ಎಂಸಿಎಫ್-7ನಲ್ಲಿ ಮಾತ್ರ ಹೀಗಾದರೆ ಇನ್ನೊಂದು ಸಾಧ್ಯತೆ ಇದೆ, ಅದು ಗಂಭೀರವಾದದ್ದು: ಗಿಡದಲ್ಲಿ ಈಸ್ಟ್ರೋಜನ್‌ನಂತೆ ನಡೆದುಕೊಳ್ಳುವ ಅಂಶವಿದ್ದು ಕೋಶಗಳು ನಿಜವಾಗಿಯೂ ಬೆಳೆಯುತ್ತಿವೆ. ಸೋಯಾದ ಜೆನಿಸ್ಟಿನ್ ಕಡಿಮೆ ಪ್ರಮಾಣದಲ್ಲಿ ಎಂಸಿಎಫ್-7 ಅನ್ನು ಬೆಳೆಸುತ್ತದೆ, ಹೆಚ್ಚಿನ ಪ್ರಮಾಣದಲ್ಲಿ ತಡೆಯುತ್ತದೆ. ಇದನ್ನು ನೋಡಲು ಫೀನಾಲ್ ರೆಡ್ ಇಲ್ಲದ ಮೀಡಿಯಂ, ಇದ್ದಿಲಿನಿಂದ ಹಾರ್ಮೋನ್ ತೆಗೆದ ಸೀರಂ ಬೇಕು. ಫೀನಾಲ್ ರೆಡ್ ಬಣ್ಣಕ್ಕೇ ಸ್ವಲ್ಪ ಈಸ್ಟ್ರೋಜನ್ ಗುಣವಿದೆ.

ಐಸಿ50 ಎಷ್ಟಿದ್ದರೆ ಒಳ್ಳೇದು?

ಐಸಿ50 ಎಂದರೆ ಅರ್ಧದಷ್ಟು ಕೋಶಗಳನ್ನು ತಡೆಯುವ ಸಾಂದ್ರತೆ. ಕಚ್ಚಾ ಸಾರಕ್ಕೆ ಮಿಲಿಗೆ 20 ಮೈಕ್ರೋಗ್ರಾಂ ಒಳಗೆ, ಶುದ್ಧ ಅಂಶಕ್ಕೆ 4 ಮೈಕ್ರೋಗ್ರಾಂ ಒಳಗೆ ಇದ್ದರೆ ಮುಂದುವರಿಯಿರಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ ಬಂದ ಹಳೆಯ ಗಡಿ ಇದು. 200, 300 ಬಂದರೆ ಆ ಗಿಡ ಬಿಟ್ಟುಬಿಡಿ. ಎಂಸಿಎಫ್-10ಎಯ ಐಸಿ50 ಅನ್ನು ಕ್ಯಾನ್ಸರ್ ಕೋಶದ್ದರಿಂದ ಭಾಗಿಸಿ. 1ರ ಹತ್ತಿರ ಬಂದರೆ ಅದು ಬರೀ ವಿಷ, 3ಕ್ಕಿಂತ ಮೇಲಿದ್ದರೆ ಆಸಕ್ತಿ ಹುಟ್ಟಬಹುದು.

ಡಾಕಿಂಗ್‌ನಲ್ಲಿ ಮೈನಸ್ 9.5 ಬಂದಿದೆ. ಇಷ್ಟು ಸಾಕಲ್ವಾ?

ಡಾಕಿಂಗ್, ಅಂದರೆ ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ಒಂದು ಊಹೆ. ದೊಡ್ಡ ಅಣುಗಳಿಗೆ ತಾಗುವ ಜಾಗ ಹೆಚ್ಚು, ಅದಕ್ಕೇ ಅಂಕ ತಾನಾಗಿ ಚೆನ್ನಾಗಿ ಬರುತ್ತದೆ. ಮೊದಲು ಸ್ಫಟಿಕ ರಚನೆಯಲ್ಲಿರುವ ಅಣುವನ್ನೇ ತೆಗೆದು ಮತ್ತೆ ಕೂರಿಸಿ ನೋಡಿ (ಈಸ್ಟ್ರೋಜನ್ ಗ್ರಾಹಕಕ್ಕೆ 3ಇಆರ್‌ಟಿ ರಚನೆಯಲ್ಲಿ ಹೈಡ್ರಾಕ್ಸಿಟಮಾಕ್ಸಿಫೆನ್ ಇದೆ). ಮೂಲ ಜಾಗದಿಂದ 2 ಆಂಗ್‌ಸ್ಟ್ರಾಂಗಿಂತ ಹೆಚ್ಚು ಸರಿದರೆ ನಿಮ್ಮ ಸೆಟ್ಟಿಂಗೇ ಸರಿಯಿಲ್ಲ.

ಕರ್ಕ್ಯುಮಿನ್ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತೆ. ಅದನ್ನೇ ತಗೊಳ್ಳಬಹುದಲ್ಲ?

ಎಲ್ಲದರಲ್ಲೂ ಪಾಸಾಗುವುದೇ ಅದರ ತೊಂದರೆ. ಸೀರಂ ಇಲ್ಲದ ಬಫರಿನಲ್ಲಿ, ಪಿಎಚ್ 7.4, 37 ಡಿಗ್ರಿಯಲ್ಲಿ ಅದು ನಿಮಿಷಗಳಲ್ಲೇ ಒಡೆಯುತ್ತದೆ. ಹಳದಿ ಬಣ್ಣ ಓದುವ ಬೆಳಕನ್ನು ನುಂಗುತ್ತದೆ, ಸ್ವತಃ ಹೊಳೆಯುತ್ತದೆ, ಲೋಹಗಳನ್ನು ಹಿಡಿಯುತ್ತದೆ, ಅನೇಕ ಪ್ರೋಟೀನುಗಳ ಸಿಸ್ಟೀನಿಗೆ ಅಂಟುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ವಿಮರ್ಶೆ ಇದನ್ನೆಲ್ಲ ಒಟ್ಟಿಗೆ ತೋರಿಸಿತು. ಹೊಸ ವಿದ್ಯಾರ್ಥಿ ಇದರ ಮೇಲೆ ವರ್ಷಗಳನ್ನು ಹಾಕುವುದು ಬೇಡ ಎಂಬುದು ನಮ್ಮ ಸಲಹೆ.

## ಪ್ರಾಣಿ, ಮನುಷ್ಯ, ಅನುಮತಿ

ಇಲಿ ಪ್ರಯೋಗಕ್ಕೆ ಯಾವ ಮಾದರಿ ತಗೋಬೇಕು?

ಮಾನವ ಕೋಶಗಳನ್ನು ಬೆಳೆಸಲು ರೋಗನಿರೋಧಕ ಶಕ್ತಿ ಇಲ್ಲದ ನ್ಯೂಡ್ ಇಲಿ ಬೇಕು. ಎಂಸಿಎಫ್-7 ಅದರಲ್ಲೂ ತಾನಾಗಿ ಬೆಳೆಯದು. ಚರ್ಮದಡಿ ಈಸ್ಟ್ರಡಯಾಲ್ ಗುಳಿಗೆ ಇಡಬೇಕು. ಇದನ್ನು ಮರೆತು ಗೆಡ್ಡೆಯೇ ಬರಲಿಲ್ಲ ಎಂದು ಕೂರುವವರು ಬಹಳ. ಎಂಡಿಎ-ಎಂಬಿ-231ಕ್ಕೆ ಆ ಗುಳಿಗೆ ಬೇಡ. ಸವಲತ್ತು ಕಡಿಮೆಯಿದ್ದರೆ ಬಾಲ್ಬ್-ಸಿ ಇಲಿಯಲ್ಲಿ 4ಟಿ1 ಕೋಶಗಳನ್ನು ಬೆಳೆಸಬಹುದು. ಅವು ಇಲಿಯದೇ ಕೋಶಗಳು, ತಾವಾಗಿ ಶ್ವಾಸಕೋಶಕ್ಕೂ ಹರಡುತ್ತವೆ.

ಗೆಡ್ಡೆ ಸುಮಾರು 100 ಘನ ಮಿಲಿಮೀಟರ್ ಆದ ಮೇಲೆ ಗುಂಪು ಮಾಡಿ ಔಷಧಿ ಶುರುಮಾಡಿ. ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಗಾತ್ರ. ಅಳೆಯುವವರಿಗೆ ಯಾವ ಗುಂಪೆಂದು ಗೊತ್ತಿರಬಾರದು. ದೇಹತೂಕವನ್ನೂ ಬರೆಯಿರಿ; ಇಲಿ ತಿನ್ನುವುದು ಬಿಟ್ಟರೂ ಗೆಡ್ಡೆ ಕುಗ್ಗುತ್ತದೆ, ಅದನ್ನು ಔಷಧಿಯ ಗುಣ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಮೊದಲಿರಬೇಕು, ಪ್ರಯೋಗ ಆಮೇಲೆ.

ಇಲಿಗೆ ಕೆಜಿಗೆ 100 ಮಿಲಿಗ್ರಾಂ ಕೆಲಸ ಮಾಡಿತು. ಮನುಷ್ಯನಿಗೆ ಎಷ್ಟಾಗುತ್ತೆ?

ತೂಕದಿಂದ ನೇರ ಗುಣಿಸಬೇಡಿ. ಮೈಯ ಮೇಲ್ಮೈ ಲೆಕ್ಕದಲ್ಲಿ ಚಿಕ್ಕ ಇಲಿಯ (ಮೌಸ್) ಡೋಸನ್ನು 12.3ರಿಂದ ಭಾಗಿಸಬೇಕು: ಕೆಜಿಗೆ ಸುಮಾರು 8 ಮಿಲಿಗ್ರಾಂ, 60 ಕೆಜಿಯವರಿಗೆ 490 ಮಿಲಿಗ್ರಾಂ ಆಸುಪಾಸು. ಇದು ಅಂದಾಜು ಮಾತ್ರ. ಮೊದಲ ಮಾನವ ಡೋಸನ್ನು ಸುರಕ್ಷತೆಯ ಪರೀಕ್ಷೆ ನೋಡಿ ಇದಕ್ಕಿಂತ ಬಹಳ ಕೆಳಗೆ ಇಡುತ್ತಾರೆ.

ಶುದ್ಧ ಅಂಶ ಬೇಡ, ಸಾರವನ್ನೇ ಔಷಧಿ ಮಾಡಲು ಭಾರತದಲ್ಲಿ ದಾರಿ ಇದೆಯಾ?

ಇದೆ. 2015ರ ನವೆಂಬರಿನಿಂದ ಫೈಟೊಫಾರ್ಮಸ್ಯೂಟಿಕಲ್ ಎಂಬ ವರ್ಗ ಕಾನೂನಿನಲ್ಲಿದೆ: ಶುದ್ಧೀಕರಿಸಿ ಪ್ರಮಾಣೀಕರಿಸಿದ ಸಾರಭಾಗ, ಅದರಲ್ಲಿ ಕನಿಷ್ಠ ನಾಲ್ಕು ಅಂಶಗಳನ್ನು ಗುರುತಿಸಿ ಅಳೆದಿರಬೇಕು. ಮಾನವ ಪ್ರಯೋಗಕ್ಕೆ ಸಿಡಿಎಸ್‌ಸಿಒ (ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ) ಅನುಮತಿ, ನೀತಿ ಸಮಿತಿಯ ಒಪ್ಪಿಗೆ, ಮತ್ತು ಮೊದಲ ರೋಗಿ ಸೇರುವ ಮುಂಚೆಯೇ ಸಿಟಿಆರ್‌ಐನಲ್ಲಿ (ಭಾರತದ ಮಾನವ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಬೇಕು. ಪ್ರತಿ ಬ್ಯಾಚಿನಲ್ಲೂ ಆ ನಾಲ್ಕು ಅಂಶ ಒಂದೇ ಮಟ್ಟದಲ್ಲಿ ಬರಿಸುವುದೇ ಇಲ್ಲಿ ಕಷ್ಟದ ಕೆಲಸ. ಮಳೆಗಾಲದ ಎಲೆ, ಬೇಸಿಗೆಯ ಎಲೆ ಒಂದೇ ಅಲ್ಲ.

ನನ್ನ ಅಂಶ ತುಂಬ ಶಕ್ತಿಯುತ, ಆದರೆ ಒಳ್ಳೆಯ ಕೋಶಗಳನ್ನೂ ಕೊಲ್ಲುತ್ತೆ. ಬಿಟ್ಟುಬಿಡಬೇಕಾ?

ಎಷ್ಟು ಶಕ್ತಿ ಎಂಬುದರ ಮೇಲಿದೆ. ಮೈಕ್ರೋಮೋಲಾರ್ ಮಟ್ಟದ್ದಾದರೆ ಬಿಡಿ. ನ್ಯಾನೋಮೋಲಾರ್‌ಗಿಂತ ಕೆಳಗಿದ್ದರೆ ಇಟ್ಟುಕೊಳ್ಳಿ. ಆಫ್ರಿಕಾದ ಮೇಟೆನಸ್ ಗಿಡದಲ್ಲಿ ಕುಪ್ಚನ್ ತಂಡ 1972ರಲ್ಲಿ ಕಂಡ ಮೇಟನ್ಸಿನ್ ವಿಪರೀತ ವಿಷವೆಂದು ಮಾನವ ಪ್ರಯೋಗದಲ್ಲಿ ಸೋತಿತ್ತು. ಅದರ ಒಂದು ರೂಪವನ್ನು ಹರ್-2 ಹುಡುಕುವ ಪ್ರತಿಕಾಯಕ್ಕೆ ಕಟ್ಟಿ ಗೆಡ್ಡೆಗೆ ತಲುಪಿಸಿದಾಗ ಟ್ರಾಸ್ಟುಜುಮಾಬ್ ಎಮ್ಟಾನ್ಸಿನ್ ಆಯಿತು, 2013ರಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು.

ಕ್ಯಾಂಪ್ಟೊಥೆಸಿನ್ ಎಂಬ ಅಂಶದ ಕತೆಯೂ ಇಂಥದ್ದೇ. ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಮರವೊಂದರಲ್ಲಿ ಕಂಡದ್ದು, 1972ರಲ್ಲಿ ರಸಾಯನಶಾಸ್ತ್ರಜ್ಞ ಟಿ. ಆರ್. ಗೋವಿಂದಾಚಾರಿ ಅದನ್ನು ನಮ್ಮ ಪಶ್ಚಿಮ ಘಟ್ಟದ ನೋಥಾಪೊಡೈಟಿಸ್ ಮರದಲ್ಲೂ ತೋರಿಸಿದರು. ಅದರ ವಂಶದ ಎಸ್‌ಎನ್-38 ಇಂದು ಟ್ರಿಪಲ್ ನೆಗೆಟಿವ್‌ಗೆ ಕೊಡುವ ಸಾಸಿಟುಜುಮಾಬ್ ಗೋವಿಟೆಕನ್ ಒಳಗಿದೆ; ಇದೂ ಪ್ರತಿಕಾಯಕ್ಕೆ ಕಟ್ಟಿದ ಔಷಧಿಯೇ. ಇಂಥ ದಾರಿಗೆ ಅಂಶದಲ್ಲಿ ಕೊಂಡಿ ಹಾಕಲು ಒಂದು ಹೈಡ್ರಾಕ್ಸಿಲ್ ಅಥವಾ ಅಮೀನ್ ಇರಬೇಕು, ಅಲ್ಲಿ ಕೊಂಡಿ ಹಾಕಿದರೂ ಶಕ್ತಿ ಕುಂದಬಾರದು. ಮೊದಲು ಆ ಜಾಗಕ್ಕೆ ಸಣ್ಣ ಅಸಿಟೈಲ್ ಗುಂಪನ್ನು ಸೇರಿಸಿ ಐಸಿ50 ಎಷ್ಟು ಬದಲಾಗುತ್ತದೆ ನೋಡಿ.